ಮಲೆನಾಡಿನ ವನ್ಯಜೀವಿ ಮತ್ತು ಅಣಬೆ ಛಾಯಾಗ್ರಹಣ

ಮಲೆನಾಡಿನ ವನ್ಯಜೀವಿ ಮತ್ತು ಅಣಬೆ ಛಾಯಾಗ್ರಹಣವು ಕರ್ನಾಟಕದ ಪಶ್ಚಿಮ ಘಟ್ಟ ಪ್ರದೇಶದ ಪ್ರಾಣಿ, ಪಕ್ಷಿ, ಉಭಯಜೀವಿ, ಕೀಟ ಹಾಗೂ ಶಿಲೀಂಧ್ರಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ಚಿತ್ರಿಸಿ ದಾಖಲಿಸುವ ಹವ್ಯಾಸ ಮತ್ತು ಅಧ್ಯಯನ ಕ್ರಮವಾಗಿದೆ. ಜೀವಿಯನ್ನು ಹಿಡಿಯದೆ, ಕೊಲ್ಲದೆ ಅದರ ಇರುವಿಕೆಗೆ ಸಾಕ್ಷ್ಯ ಒದಗಿಸುವುದರಿಂದ ಇದು ನಿಸರ್ಗ ಸಂರಕ್ಷಣೆಯ ಒಂದು ಸಾಧನವಾಗಿಯೂ ಬೆಳೆದಿದೆ.

ಪ್ರದೇಶ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಎರಡು ಸಂರಕ್ಷಿತ ಅರಣ್ಯಗಳಿಗೆ ಸಮೀಪದಲ್ಲಿವೆ. ಒಂದೆಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇನ್ನೊಂದೆಡೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ. ಕುದುರೆಮುಖವು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟ ತಾಣಗಳಲ್ಲಿ ಒಂದು. ಆದರೆ ಈ ಸೀಮೆಯ ಜೀವಸಂಪತ್ತು ಉದ್ಯಾನಗಳ ಗಡಿಯೊಳಗೆ ಮಾತ್ರ ಇಲ್ಲ. ಅಡಿಕೆ ತೋಟದ ಕಾಲುವೆ, ಕಾಫಿ ತೋಟದ ನೆರಳುಮರ, ಸೊಪ್ಪಿನ ಬೆಟ್ಟ, ದೇವರಕಾಡು, ರಸ್ತೆ ಬದಿಯ ಮಳೆನೀರಿನ ಹೊಂಡ ಎಲ್ಲವೂ ಜೀವಿಗಳ ನೆಲೆಗಳೇ. ಶೃಂಗೇರಿಯಲ್ಲಿ ತುಂಗಾ ತೀರದ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಆ ಸಂಪ್ರದಾಯದಿಂದಾಗಿ ಅಲ್ಲಿನ ದೊಡ್ಡ ಮೀನುಗಳನ್ನು ಮೆಟ್ಟಿಲಿನ ಮೇಲೆ ನಿಂತೇ ಚಿತ್ರಿಸಬಹುದು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು ಕವಿ ಕುವೆಂಪು ಅವರು 1904ರ ಡಿಸೆಂಬರ್ 29ರಂದು ಜನಿಸಿದ ಊರು. ಮಲೆನಾಡಿನ ಕಾಡನ್ನು ಕನ್ನಡ ಓದುಗರ ಕಣ್ಣಮುಂದೆ ನಿಲ್ಲಿಸಿದವರಲ್ಲಿ ಅವರು ಮೊದಲಿಗರು. ಅದೇ ಕಾಡನ್ನು ಕ್ಯಾಮೆರಾದ ಮೂಲಕವೂ ನೋಡಿದವರು ಅವರ ಪುತ್ರ ಕೆ. ಪಿ. ಪೂರ್ಣಚಂದ್ರ ತೇಜಸ್ವಿ.

ಕರ್ನಾಟಕದಲ್ಲಿ ಬೆಳವಣಿಗೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬೆಂಗಳೂರು ಭಾರತದ ವನ್ಯಜೀವಿ ಛಾಯಾಗ್ರಹಣದ ಪ್ರಮುಖ ಕೇಂದ್ರವಾಯಿತು. ಒ. ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಈ ಪರಂಪರೆಯನ್ನು ಕಟ್ಟಿದರು. ರಾಜ್ಯದ ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಅವರೂ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು. ಸೀಳುನಾಯಿಗಳ ಬದುಕನ್ನು ದೀರ್ಘಕಾಲ ಹಿಂಬಾಲಿಸಿ ಚಿತ್ರಿಸಿದ ಕೃಪಾಕರ ಮತ್ತು ಸೇನಾನಿ ಅವರ ಸಾಕ್ಷ್ಯಚಿತ್ರಕ್ಕೆ 2010ರಲ್ಲಿ ‘ಹಸಿರು ಆಸ್ಕರ್’ ಎಂದು ಹೆಸರಾದ ಪಾಂಡಾ ಪ್ರಶಸ್ತಿ ದೊರೆಯಿತು.

ತೇಜಸ್ವಿ (1938–2007) ಅವರ ಕೊಡುಗೆ ಬೇರೊಂದು ಬಗೆಯದು. ಮೂಡಿಗೆರೆಯ ತಮ್ಮ ಕಾಫಿ ತೋಟದಲ್ಲಿ ನೆಲೆಸಿ, ಸುತ್ತಲಿನ ಹಕ್ಕಿಗಳನ್ನು ಗಂಟೆಗಟ್ಟಲೆ ಕಾದು ಚಿತ್ರಿಸಿದರು. ಆ ಅನುಭವವನ್ನು ಕನ್ನಡದಲ್ಲಿಯೇ, ಸಾಮಾನ್ಯ ಓದುಗನಿಗೆ ತಿಳಿಯುವಂತೆ ಬರೆದರು. ಹಕ್ಕಿಗಳಿಗೆ ಕನ್ನಡದ ಹೆಸರು, ಅದರ ಪಕ್ಕದಲ್ಲಿ ಚಿತ್ರ ಎಂಬ ಅವರ ಕ್ರಮವು ಇಂಗ್ಲಿಷ್ ಕೈಪಿಡಿಗಳು ತಲುಪದ ಹಳ್ಳಿಯ ಶಾಲೆಗಳಿಗೂ ಪಕ್ಷಿವೀಕ್ಷಣೆಯನ್ನು ತಲುಪಿಸಿತು. ಪ್ರಶಸ್ತಿಗಳ ಪಟ್ಟಿಗಿಂತ ಇದು ದೊಡ್ಡ ಪರಿಣಾಮವೆನ್ನಬಹುದು.

ಶಿಲೀಂಧ್ರಗಳ ದಾಖಲಾತಿ

ಹುಲಿ, ಆನೆ, ಮಂಗಟ್ಟೆಗಳಿಗೆ ದೊರೆತ ಗಮನ ಅಣಬೆಗಳಿಗೆ ದೊರೆತಿಲ್ಲ. ಜಗತ್ತಿನಲ್ಲಿ 22 ಲಕ್ಷದಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂದು 2017ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಹೆಸರಿಡಲಾದವು ಅದರ ಸಣ್ಣದೊಂದು ಪಾಲು ಮಾತ್ರ. ಸಸ್ಯ ಮತ್ತು ಪ್ರಾಣಿಗಳೊಡನೆ ಶಿಲೀಂಧ್ರಗಳನ್ನೂ ಸಂರಕ್ಷಣೆಯ ಮಾತಿನಲ್ಲಿ ಸೇರಿಸಬೇಕೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪ್ರಭೇದ ಆಯೋಗವು ಕರೆ ನೀಡಿದ್ದು 2021ರಲ್ಲಿ.

ಮಲೆನಾಡಿನಲ್ಲಿ ಶಿಲೀಂಧ್ರವೆಂದರೆ ಎರಡೇ ನೆನಪು: ಮಳೆಗಾಲದ ಆರಂಭದಲ್ಲಿ ಸಾರಿಗೆ ಒದಗುವ ಹುತ್ತದ ಅಣಬೆ ಮತ್ತು ಅಡಿಕೆಯ ಕೊಳೆರೋಗ. ಕೊಳೆರೋಗವನ್ನು ಎಲ್ಲರೂ ಶಿಲೀಂಧ್ರ ರೋಗವೆಂದೇ ಕರೆದರೂ ಅದಕ್ಕೆ ಕಾರಣವಾದ ಫೈಟಾಫ್ತೊರ ಇಂದಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರವಲ್ಲ. ಬಿದ್ದ ಮರವನ್ನೂ ತರಗೆಲೆಯನ್ನೂ ಮಣ್ಣಾಗಿಸುವ, ಮರದ ಬೇರಿನೊಡನೆ ಸೇರಿ ಅದಕ್ಕೆ ನೀರು ಮತ್ತು ಲವಣ ಒದಗಿಸುವ ನಿಜವಾದ ಶಿಲೀಂಧ್ರಗಳು ಕಣ್ಣಿಗೆ ಬೀಳುವುದು ವರ್ಷದಲ್ಲಿ ಕೆಲವೇ ದಿನ. ಕೊಡೆಯಂತೆ ಕಾಣುವ ಭಾಗ ಅದರ ಫಲಕಾಯವಷ್ಟೆ. ಜೀವಿಯ ಬಹುಪಾಲು ಮಣ್ಣಿನಲ್ಲಿ ಅಥವಾ ಮರದೊಳಗೆ ಎಳೆಗಳಾಗಿ ಹರಡಿರುತ್ತದೆ. ಫಲಕಾಯ ಒಂದೆರಡು ದಿನಗಳಲ್ಲಿ ಕರಗಿಹೋಗುವುದರಿಂದ ಛಾಯಾಚಿತ್ರವೇ ಅನೇಕ ವೇಳೆ ಉಳಿಯುವ ಏಕೈಕ ದಾಖಲೆ.

ಗುರುತಿಸಲು ನೆರವಾಗುವ ಚಿತ್ರವು ಸುಂದರ ಚಿತ್ರವೇ ಆಗಿರಬೇಕೆಂದಿಲ್ಲ. ಟೋಪಿಯ ಮೇಲ್ಭಾಗ, ಅದರ ಅಡಿಯ ಪದರಗಳು ಅಥವಾ ರಂಧ್ರಗಳು, ಕಾಂಡ, ಕಾಂಡದ ಬುಡ, ಎಳೆಯ ಮತ್ತು ಬಲಿತ ಅಣಬೆ, ಅದು ಬೆಳೆದಿರುವ ಮರ ಅಥವಾ ಮಣ್ಣು ಇವೆಲ್ಲ ಕಾಣಬೇಕು. ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯವನ್ನಿಟ್ಟರೆ ಸಾಕು. ಅಣಬೆಯನ್ನು ಕೀಳದೆ ಅಡಿಯ ಭಾಗವನ್ನು ತೋರಿಸಲು ಸಣ್ಣ ಕನ್ನಡಿ ಉಪಯುಕ್ತ. ಮಳೆಗಾಲದ ಕಾಡಿನ ಮಬ್ಬು ಬೆಳಕಿನಲ್ಲಿ ಮುಕ್ಕಾಲಿ ಅಗತ್ಯ. ನೆಲಕ್ಕೆ ಮೊಣಕಾಲೂರಿದವನಿಗೆ ಇಂಬಳಗಳ ಕಾಟ ತಪ್ಪಿದ್ದಲ್ಲ. ಹೀಗಿದ್ದರೂ ಚಿತ್ರ ನೋಡಿ ಅಣಬೆ ತಿನ್ನಲು ಯೋಗ್ಯವೆಂದು ನಿರ್ಧರಿಸುವುದು ಪ್ರಾಣಾಪಾಯಕರ.

ರಾತ್ರಿ ಹೊಳೆಯುವ ಅಣಬೆಗಳು ಪಶ್ಚಿಮ ಘಟ್ಟದ ಹಲವೆಡೆ ದಾಖಲಾಗಿವೆ. ಕಾಸರಗೋಡು ಜಿಲ್ಲೆಯ ರಾಣಿಪುರಂ ಕಾಡಿನಲ್ಲಿ ಫಿಲೊಬೊಲೆಟಸ್ ಮನಿಪುಲಾರಿಸ್ ಎಂಬ ಇಂತಹ ಪ್ರಭೇದ ಕಂಡುಬಂದಿದೆ. ಇದರ ಮಂದವಾದ ಹಸಿರು ಬೆಳಕನ್ನು ಸೆರೆಹಿಡಿಯಲು ಕ್ಯಾಮೆರಾದ ಕಿಂಡಿಯನ್ನು ಬಹಳ ಹೊತ್ತು ತೆರೆದಿಡಬೇಕಾಗುತ್ತದೆ.

ಕಪ್ಪೆ ಮತ್ತು ಅಣಬೆ: 2023ರ ದಾಖಲೆ

2023ರ ಜೂನ್ ತಿಂಗಳಲ್ಲಿ ಕುದುರೆಮುಖದ ತಪ್ಪಲಿನ ಕಾರ್ಕಳ ತಾಲ್ಲೂಕಿನ ಮಾಳದ ಬಳಿ, ರಸ್ತೆ ಬದಿಯ ಹೊಂಡವೊಂದರಲ್ಲಿ ಕಪ್ಪೆಗಳನ್ನು ನೋಡುತ್ತಿದ್ದ ನಿಸರ್ಗಾಸಕ್ತರ ಕಣ್ಣಿಗೆ ವಿಚಿತ್ರವೊಂದು ಬಿತ್ತು. ಹೊಂಬಣ್ಣದ ಬೆನ್ನಿನ ಕಪ್ಪೆಯೊಂದರ ಪಕ್ಕೆಯಿಂದ ಪುಟ್ಟ ಅಣಬೆಯೊಂದು ಮೊಳೆತಿತ್ತು. ಕಪ್ಪೆ ಜೀವಂತವಾಗಿದ್ದು ಚಟುವಟಿಕೆಯಿಂದಲೇ ಇತ್ತು. ಅವರು ತೆಗೆದ ಚಿತ್ರಗಳನ್ನು ನೋಡಿದ ಶಿಲೀಂಧ್ರ ತಜ್ಞರು ಅದನ್ನು ಮೈಸೀನ ಕುಲದ ಅಣಬೆಯೆಂದು ಗುರುತಿಸಿದರು. ಈ ಕುಲದ ಅಣಬೆಗಳು ಸಾಮಾನ್ಯವಾಗಿ ಕೊಳೆಯುವ ಮರದ ಮೇಲೆ ಬೆಳೆಯುವಂಥವು. ಜೀವಂತ ಕಪ್ಪೆಯ ಮೇಲೆ ಅಣಬೆ ಬೆಳೆದ ಮೊದಲ ದಾಖಲೆಯೆಂದು ಇದು 2024ರಲ್ಲಿ ವಿಜ್ಞಾನ ನಿಯತಕಾಲಿಕವೊಂದರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

ಈ ಕಪ್ಪೆಯ ಪ್ರಭೇದವನ್ನು 1937ರಲ್ಲಿ ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್. ಅವರ ಕಾಲದಲ್ಲಿ ಕಪ್ಪೆಯನ್ನು ಹಿಡಿದು ಸೀಸೆಯಲ್ಲಿ ಸಂರಕ್ಷಿಸದೆ ವಿವರಣೆ ಸಾಧ್ಯವಿರಲಿಲ್ಲ. 2023ರಲ್ಲಿ ಕಪ್ಪೆಯನ್ನು ಹಿಡಿಯಲಿಲ್ಲ. ಅದು ಹೊಂಡದಲ್ಲಿಯೇ ಉಳಿಯಿತು. ಆದ್ದರಿಂದ ಅಣಬೆಯ ಎಳೆಗಳು ಚರ್ಮದೊಳಗೆ ಎಷ್ಟು ಇಳಿದಿದ್ದವು, ಅದರಿಂದ ಕಪ್ಪೆಗೆ ಕೆಡುಕಾಯಿತೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲಿಲ್ಲ. ಛಾಯಾಚಿತ್ರದ ಶಕ್ತಿಯೂ ಮಿತಿಯೂ ಒಂದೇ ಪ್ರಸಂಗದಲ್ಲಿ ಹೀಗೆ ಕಾಣುತ್ತವೆ.

ಚಿತ್ರಣವು ಹೊಸ ಜ್ಞಾನಕ್ಕೆ ದಾರಿಯಾದ ಇನ್ನೊಂದು ಉದಾಹರಣೆ ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ. ಗಂಡು ಕಪ್ಪೆ ಮೊಟ್ಟೆಗಳಿಗೆ ಮಣ್ಣು ಮೆತ್ತುವ ವರ್ತನೆಯನ್ನು ರಾತ್ರಿಯ ವೇಳೆ ಚಿತ್ರೀಕರಿಸಿದ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಈ ಪ್ರಭೇದಕ್ಕೆ ಕನ್ನಡದ ‘ಕುಂಬಾರ’ ಪದವನ್ನೇ ವೈಜ್ಞಾನಿಕ ಹೆಸರಾಗಿ ಇಟ್ಟರು.

ಸಂರಕ್ಷಣೆಯಲ್ಲಿ ಬಳಕೆ

ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಇದನ್ನು ಆಧರಿಸಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. ಸಾಮಾನ್ಯ ಹವ್ಯಾಸಿಯ ಚಿತ್ರಕ್ಕೂ ಇಂದು ಬೆಲೆಯಿದೆ. ದಿನಾಂಕ ಮತ್ತು ಸ್ಥಳದ ವಿವರದೊಡನೆ ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮೊದಲಾದ ಮುಕ್ತ ತಾಣಗಳಿಗೆ ಸೇರಿಸಿದ ಚಿತ್ರವನ್ನು ತಜ್ಞರು ಪರಿಶೀಲಿಸಬಲ್ಲರು. ವಿವರವಿಲ್ಲದ ಚಿತ್ರ ಗೋಡೆಯ ಅಲಂಕಾರವಾದೀತು, ದಾಖಲೆಯಾಗದು.

ಕಾನೂನು ಮತ್ತು ನಡವಳಿಕೆ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 28ನೆಯ ಕಲಮಿನ ಪ್ರಕಾರ ಅಭಯಾರಣ್ಯ ಪ್ರವೇಶಕ್ಕೆ ಅನುಮತಿ ನೀಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವೂ ಒಂದು. ನೆಲೆಯನ್ನು ಬದಲಿಸದೆ, ಜೀವಿಗಳಿಗೆ ತೊಂದರೆ ಕೊಡದೆ ಚಿತ್ರಿಸಬೇಕೆಂಬ ಮಾತನ್ನು 2022ರ ತಿದ್ದುಪಡಿಯು ಸ್ಪಷ್ಟವಾಗಿ ಸೇರಿಸಿತು.

ಗೂಡಿನ ಮುಂದಿನ ಕೊಂಬೆ ಕಡಿದು ಮರಿಗಳ ಚಿತ್ರ ತೆಗೆಯುವುದು, ಕೂಗಿನ ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಮತ್ತೆ ಮತ್ತೆ ಕರೆಯುವುದು, ಕಪ್ಪೆ ಹಾವುಗಳನ್ನು ಹಿಡಿದು ಬೇಕಾದಲ್ಲಿ ಕೂರಿಸುವುದು ಅನುಭವಿಗಳು ಖಂಡಿಸುವ ರೂಢಿಗಳು. ಕೊಂಬೆಯ ಮರೆ ತಪ್ಪಿದ ಗೂಡು ಬಿಸಿಲಿಗೂ ಕಾಗೆ ಗಿಡುಗಗಳಿಗೂ ತೆರೆದುಕೊಳ್ಳುತ್ತದೆ. ಒಂದು ತೊರೆಯಲ್ಲಿ ಮುಟ್ಟಿದ ಕಪ್ಪೆಯ ರೋಗಾಣು, ತೊಳೆಯದ ಕೈ ಮತ್ತು ಬೂಟುಗಳ ಮೂಲಕ ಇನ್ನೊಂದು ತೊರೆಗೆ ಹರಡಬಹುದು. ಅಪರೂಪದ ಆರ್ಕಿಡ್, ಹಾವು ಅಥವಾ ಗೂಡಿನ ನಿಖರ ಸ್ಥಳವನ್ನು ಸಾರ್ವಜನಿಕವಾಗಿ ತಿಳಿಸಿದರೆ ಕಳ್ಳಸಾಗಣೆದಾರರಿಗೂ ಅದೇ ದಾರಿ ತೋರಿಸಿದಂತಾಗುವುದರಿಂದ, ಮುಕ್ತ ತಾಣಗಳಲ್ಲಿ ಇಂತಹ ಪ್ರಭೇದಗಳ ಸ್ಥಳವನ್ನು ಮರೆಮಾಚುವ ವ್ಯವಸ್ಥೆಯಿದೆ.