ನೊಣ ತರಲು ಹೋದ ನೌಕರ

ಹಣ್ಣಿನ ತೋಟದ ಕೀಟಕ್ಕೆ ಮದ್ದೆಂದರೆ ನಮಗೆ ನೆನಪಾಗುವುದು ಸಿಂಪರಣೆಯ ಪಂಪು. ಕೀಟಕ್ಕೆ ಕೀಟವೇ ಮದ್ದಾದೀತೆಂದು ಜಗತ್ತಿಗೆ ತೋರಿಸಿಕೊಟ್ಟ ಪ್ರಸಂಗ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ.

1868ರ ಸುಮಾರಿಗೆ ಆಸ್ಟ್ರೇಲಿಯದಿಂದ ಗಿಡಗಳೊಡನೆ ಬಂದಿಳಿದ, ಹತ್ತಿಯಂಥ ಬಿಳಿ ಮೊಟ್ಟೆಚೀಲ ಹೊರುವ ಶಲ್ಕಕೀಟವೊಂದು ಇಪ್ಪತ್ತೇ ವರ್ಷಗಳಲ್ಲಿ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಬೆಳೆಗಾರರು ಮರಗಳನ್ನೇ ಕಡಿದು ಸುಡತೊಡಗಿದರು. ತವರಿನಲ್ಲಿ ಮಾತ್ರ ಈ ಕೀಟದ ಉಪಟಳ ಅಷ್ಟಿರಲಿಲ್ಲ. ಅದರ ಮೈಯೊಳಗೇ ಮೊಟ್ಟೆಯಿಟ್ಟು, ಮರಿ ಒಳಗಿನಿಂದಲೇ ತಿಂದು ಬೆಳೆಯುವ ಪುಟ್ಟ ನೊಣವೊಂದನ್ನು ಅಡಿಲೇಡ್‌ನ ಫ್ರೇಜರ್ ಕ್ರಾಫರ್ಡ್ ಗುರುತಿಸಿದ್ದರು. ಅದನ್ನು ತರಿಸಲೇಬೇಕೆಂದು ಸರಕಾರಿ ಕೀಟತಜ್ಞ ರೈಲಿ ಹಟ ಹಿಡಿದರು. ಆದರೆ ನೌಕರರು ವಿದೇಶ ಪ್ರಯಾಣ ಮಾಡಕೂಡದೆಂದು ಇಲಾಖೆಯ ಅನುದಾನಕ್ಕೆ ಷರತ್ತು! ಕೊನೆಗೆ ಮೆಲ್ಬೋರ್ನ್ ವಸ್ತುಪ್ರದರ್ಶನದ ಲೆಕ್ಕದಲ್ಲಿ ಆಲ್ಬರ್ಟ್ ಕೋಬೆಲೆ 1888ರಲ್ಲಿ ಹಡಗು ಹತ್ತಿದರು. (ಖರ್ಚಿನ ಬಾಬ್ತು ಬದಲಿಸಿ ಕೆಲಸ ಸಾಧಿಸುವ ವಿದ್ಯೆ ನಮ್ಮ ಕಛೇರಿಗಳೊಂದರದೇ ಸ್ವತ್ತಲ್ಲ.)

ನೊಣ ಹುಡುಕುತ್ತಿದ್ದವರ ಕಣ್ಣಿಗೆ ಅದೇ ಕೀಟವನ್ನು ಮುಕ್ಕುತ್ತಿದ್ದ ಗುಲಗಂಜಿ ಹುಳುವೂ ಬಿತ್ತು. ಎರಡನ್ನೂ ಕಳಿಸಿದರು. ಮೊದಲು ಬಂದ 129 ಹುಳುಗಳನ್ನು ಲಾಸ್ ಏಂಜಲೀಸ್‌ನಲ್ಲಿ, ಬಟ್ಟೆಯ ಡೇರೆ ಹೊದಿಸಿದ ಕಿತ್ತಳೆ ಮರದಲ್ಲಿ ಬಿಟ್ಟರು. 1889ರ ಜೂನ್ ವೇಳೆಗೆ ಅವುಗಳ ಸಂತತಿಯ 10,555 ಹುಳುಗಳು 228 ಬೆಳೆಗಾರರಿಗೆ ಹಂಚಿಕೆಯಾದವು. ತೋಟಗಳು ಬೇಗನೆ ಚೇತರಿಸಿಕೊಂಡವು. ಕೀರ್ತಿಯೆಲ್ಲ ಗುಲಗಂಜಿಗೆ ಸಂದಿತು. ಯಾವ ನೊಣಕ್ಕಾಗಿ ಪ್ರಯಾಣ ಹೊರಟಿತೋ ಅದರ ಹೆಸರೆತ್ತುವವರು ಕಡಿಮೆ. ಆದರೂ ಕರಾವಳಿಯ ತೋಟಗಳಲ್ಲಿ ಹೆಚ್ಚಿನ ಕೆಲಸ ಅದರದೇ. ಕೀಟ ಹೆಚ್ಚಿದರೆ ನೊಣವೂ ಹೆಚ್ಚುತ್ತದೆ, ಕೀಟ ತಗ್ಗಿದರೆ ತಾನೂ ತಗ್ಗುತ್ತದೆ. ಪೂರ್ತಿ ನಿರ್ನಾಮವೆಂಬುದು ಇಲ್ಲ. ಬೆಳೆಗೆ ನಷ್ಟವಾಗದಷ್ಟು ಕೀಟ ಉಳಿದೇ ಇರುತ್ತದೆ.

1940ರ ದಶಕದಲ್ಲಿ ಡಿಡಿಟಿ ಬಂತು. ಬೇರೆ ಕೀಟಗಳಿಗೆಂದು ಹೊಡೆದ ಮದ್ದಿಗೆ ಗುಲಗಂಜಿ ಹುಳು ಸತ್ತು, ಶಲ್ಕಕೀಟ ಉಳಿಯಿತು. ತೋಟಗಳು ಮತ್ತೆ ಬೆಳ್ಳಗಾದವು. ಹುಳುಗಳನ್ನು ಮತ್ತೆ ತಂದು ಬಿಡಬೇಕಾಯಿತು.

ನಮ್ಮ ಕಡೆಯೂ ಇಂಥದೇ ಪ್ರಸಂಗ ನಡೆದಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಮೆಕ್ಸಿಕೊ ಮೂಲದ ಹಿಟ್ಟು ತಿಗಣೆ ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಿಡಿದು ಕರ್ನಾಟಕಕ್ಕೂ ಹಬ್ಬಿತು. ಮೈಮೇಲಿನ ಮೇಣದ ಹಿಟ್ಟಿನಿಂದಾಗಿ ಅದಕ್ಕೆ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಕೊಟ್ಟರು. ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ ಕಣಜದ ಉದ್ದ ಒಂದು ಮಿಲಿಮೀಟರನ್ನೂ ಮುಟ್ಟದು. ತಿಂಗಳುಗಳಲ್ಲೇ ತಿಗಣೆ ಹತೋಟಿಗೆ ಬಂತು. ಕಣಜ ಬಿಟ್ಟ ತೋಟದಲ್ಲಿ ಪಂಪು ಹೊರಗೆ ತೆಗೆಯಬೇಡಿರೆಂದು ರೈತರಿಗೆ ಹೇಳಿದ್ದರು.