ಬ್ಲ್ಯಾಕ್ ಮೆಟಲ್‌ಗೆ ಜನಪದ ದಕ್ಕಿದ ಬಗೆ

ಜನಪದ ಮೆಟಲ್ ಎಂದೊಡನೆ ಗಿಟಾರುಗಳ ಅಬ್ಬರದ ನಡುವೆ ಕೊಳಲೋ ಪಿಟೀಲೋ ಇಣುಕುವ ಸಂಗೀತವೆಂದು ತಿಳಿಯುವವರೇ ಹೆಚ್ಚು. ಹೊಸ ತಂಡಗಳನ್ನು ಹುಡುಕುವ ಕೇಳುಗರೂ ಯಾವ ವಾದ್ಯವಿದೆ ಎಂದೇ ಮೊದಲು ನೋಡುತ್ತಾರೆ. 1990ರ ದಶಕದ ನಾರ್ವೆಯ ಬ್ಲ್ಯಾಕ್ ಮೆಟಲ್ ಮುಂದೆ ಈ ಅಳತೆಗೋಲು ಸೋಲುತ್ತದೆ. ಅಲ್ಲಿ ಜನಪದ ಮೊದಲು ಬಂದದ್ದು ಕಥೆಯಾಗಿ, ಹಳೆಯ ನುಡಿಯಾಗಿ, ಊರಿನ ನೆನಪಾಗಿ. ಕಥೆ ಹೇಳಲು ಹೊತ್ತು ಬೇಕು. ಹಾಡುಗಳು ಉದ್ದವಾಗಿ, ಪ್ರೊಗ್ರೆಸಿವ್ ರಾಕ್‌ನಂತೆ ಹಲವು ಘಟ್ಟಗಳಲ್ಲಿ ತಿರುವು ಪಡೆಯತೊಡಗಿದ್ದಕ್ಕೆ ಇದೇ ಮುಖ್ಯ ಕಾರಣವೆಂಬುದು ನನ್ನ ವಾದ. 1991ರಲ್ಲಿ ಹುಟ್ಟಿದ ಎನ್‌ಸ್ಲೇವ್ಡ್ ತಂಡದ 1994ರ ಮೊದಲ ಆಲ್ಬಮ್‌ನಲ್ಲಿ ಇದ್ದದ್ದು ಐದೇ ಹಾಡು, ಅವಧಿ ಸುಮಾರು 50 ನಿಮಿಷ. ಹಾಡಿದ್ದು ಬಹುಪಾಲು ಐಸ್‌ಲ್ಯಾಂಡಿಕ್‌ನಲ್ಲಿ. ಮರುವರ್ಷ ಉಲ್ವರ್ ತಂಡ ತಂದ ‘ಬೆರ್ಗ್‌ಟಾಟ್’ ಬೆಟ್ಟದ ಒಳಗಿನವರು ಸೆಳೆದೊಯ್ದ ಹುಡುಗಿಯ ಕಥೆಯನ್ನು ಐದು ಅಧ್ಯಾಯಗಳಲ್ಲಿ, ಹಳೆಯ ಡೇನಿಶ್ ಛಾಯೆಯ ನಾರ್ವೇಜಿಯನ್‌ನಲ್ಲಿ ಹೇಳಿತು. ಅದೇ ತಂಡದ 1996ರ ‘ಕ್ವೆಲ್ಡ್‌ಸಾಂಗರ್’ನಲ್ಲಿ ಮೆಟಲ್ ಇಲ್ಲವೇ ಇಲ್ಲ. ಅಲ್ಲಿರುವುದು ಶಾಸ್ತ್ರೀಯ ಗಿಟಾರ್, ಚೆಲ್ಲೊ, ಒಂದರ ಮೇಲೊಂದು ಪದರಗಟ್ಟಿದ ದನಿ. ಹಳ್ಳಿಯ ವಾದ್ಯ ಯಾವುದೂ ಮುಂದೆ ನಿಲ್ಲದಿದ್ದರೂ ಅದನ್ನು ಜನಪದವೆಂದು ಗುರುತಿಸಲು ಯಾರಿಗೂ ಕಷ್ಟವಾಗುವುದಿಲ್ಲ.

ಇದೆಲ್ಲ ಪುಸ್ತಕದಿಂದ ಎತ್ತಿದ ಜನಪದ, ಬಾಯಿಂದ ಬಾಯಿಗೆ ಬಂದದ್ದಲ್ಲ ಎಂಬ ಆಕ್ಷೇಪವಿದೆ. ಮಾತು ನಿಜ, ಆದರೆ ನಾರ್ವೆಯ ಜನಪದಕ್ಕೆ ಆ ಹೊತ್ತಿಗೆ ಒಂದೂವರೆ ಶತಮಾನದಿಂದ ಪುಸ್ತಕ ಮತ್ತು ವೇದಿಕೆಯ ನಂಟಿತ್ತು. ಪಾದ್ರಿ ಲಾನ್ಸ್ಟಾಡ್ ಲಾವಣಿಗಳ ಸಂಗ್ರಹ ಅಚ್ಚು ಹಾಕಿಸಿದ್ದು 1853ರಲ್ಲಿ. ಸಿತಾರಿನ ತರಬ್ ತಂತಿಗಳಂತೆ ಕೆಳಗಿನ ತಂತಿಗಳು ತಾವಾಗಿ ಅನುರಣಿಸುವ ಹಾರ್ಡಾಂಗರ್ ಪಿಟೀಲನ್ನು ಕಟ್ಟಾ ಧರ್ಮಬೋಧಕರು ಸೈತಾನನ ವಾದ್ಯವೆಂದು ಜರೆದರು, ಎಷ್ಟೋ ಪಿಟೀಲುಗಳು ಬೆಂಕಿಗೆ ಬಿದ್ದವು. ಅದೇ ಶತಮಾನದಲ್ಲಿ, 1849ರಲ್ಲಿ, ಹೆಸರಾಂತ ಪಿಟೀಲುಗಾರ ಓಲೆ ಬುಲ್ ಹಳ್ಳಿಯ ವಾದಕ ಮಿಲಾರ್ಗುಟೆನ್‌ನನ್ನು ರಾಜಧಾನಿಯ ಕಛೇರಿ ವೇದಿಕೆಗೆ ಕರೆತಂದ. ಕಡಿದ ಎಳೆಯನ್ನು ಬರಹದಿಂದ ಮತ್ತೆ ಹೆಣೆಯುವುದೂ ಪರಂಪರೆಯೇ. ಲುಮ್ಸ್ಕ್ ತಂಡ 2003ರಲ್ಲಿ ಓಸ್ಮುಂಡ್ ಎಂಬ ವೀರನ ಲಾವಣಿಯನ್ನು ಇಡೀ ಆಲ್ಬಮ್ ಆಗಿ ಹಿಗ್ಗಿಸಿದ್ದು ಈ ಸಾಲಿಗೇ ಸೇರುತ್ತದೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಹಿಂದಿನದರ ಈ ಹಂಬಲ ಜನಾಂಗದ್ವೇಷಕ್ಕೆ ಎಡೆಮಾಡಲಿಲ್ಲವೇ? ಮಾಡಿತು, ಈ ವಲಯದ ಕೆಲವರು ಆ ದಾರಿ ಹಿಡಿದರು, ಕೆಲವರು ಚರ್ಚುಗಳಿಗೆ ಬೆಂಕಿಯಿಟ್ಟು ಶಿಕ್ಷೆ ಅನುಭವಿಸಿದರು. 1992ರ ಜೂನ್ 6ರಂದು ಸುಟ್ಟುಹೋದ ಫಾಂಟಾಫ್ಟ್‌ನ ಮರದ ಚರ್ಚು ಮೊದಲು ನಿಂತಿದ್ದು ಸೋಗ್ನ್ ಪ್ರಾಂತ್ಯದಲ್ಲಿ, ಹನ್ನೆರಡನೆಯ ಶತಮಾನದ ಕಟ್ಟಡವದು. 1883ರಲ್ಲಿ ಅದನ್ನು ಬರ್ಗನ್ ಬಳಿಗೆ ಸಾಗಿಸಿದ್ದರು. ಅದೇ ಸೋಗ್ನ್‌ನಿಂದ ಬಂದ ವಿಂಡಿರ್ ತಂಡ ತನ್ನ ಸೀಮೆಯ ಆಡುನುಡಿಯಲ್ಲಿ ಹಾಡಿತು. 2001ರ ಆಲ್ಬಮ್‌ಗೆ ‘1184’ ಎಂದು ಹೆಸರಿಟ್ಟಿತು. ಸೋಗ್ನೆಫ್ಯೋರ್ಡ್‌ನ ಫಿಮ್ರೈಟೆಯಲ್ಲಿ ದೊರೆ ಸ್ವೆರ್ರೆ ಎದುರಾಳಿ ಮಾಗ್ನುಸ್‌ನನ್ನು ಸೋಲಿಸಿ ಕೊಂದ ವರ್ಷವದು. ಪೂರ್ವಜರ ಹೆಸರೆತ್ತಿ ಪೂರ್ವಜರು ಕಟ್ಟಿದ್ದನ್ನೇ ಸುಡುವುದನ್ನೂ ಊರ ಪಕ್ಕದ ನೀರಿನಲ್ಲಿ ನಡೆದದ್ದನ್ನು ಊರ ಮಾತಲ್ಲೇ ಹಾಡುವುದನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಕಥೆ, ನುಡಿಗಳ ನಂತರ ವಾದ್ಯಗಳ ಸರದಿ ಬಂತು: ನಾರ್ವೆಯ ಸಂವಿಧಾನದ 200ನೆಯ ವರ್ಷಕ್ಕೆಂದು 2014ರಲ್ಲಿ, ಆ ಸಂವಿಧಾನ ರೂಪುಗೊಂಡ ಐಡ್ಸ್‌ವಾಲ್‌ನಲ್ಲೇ, ಎನ್‌ಸ್ಲೇವ್ಡ್‌ನ ಇವಾರ್ ಬ್ಯೋರ್ನ್ಸನ್ ಮತ್ತು ವಾರ್ಡ್ರುನಾ ತಂಡದ ಐನಾರ್ ಸೆಲ್ವಿಕ್ ‘ಸ್ಕುಗ್‌ಶೋ’ ಕೃತಿಯಲ್ಲಿ ಪುರಾತನ ವಾದ್ಯಗಳನ್ನು ಮೆಟಲ್ ಗಿಟಾರುಗಳ ಜೊತೆ ನಿಲ್ಲಿಸಿದರು.