ನೀರಿನ ಜಾಡು ಹಿಡಿದು ಮಿದುಳಿನ ನಕ್ಷೆ

ನಾನು ಹುಟ್ಟಿ ಬೆಳೆದದ್ದು ಗುಂಡ್ಯದಲ್ಲಿ, ಕೆಲಸ ಮಂಗಳೂರಿನ ಎಂಆರ್‌ಐ ಕೋಣೆಯಲ್ಲಿ. ತಲೆಯ ಸ್ಕ್ಯಾನಿಂಗಿಗೆ ಬಂದವರ ಹೇರ್‌ಪಿನ್ನು, ಕರಿಮಣಿ, ಬೆಂಡೋಲೆ ತೆಗೆಸಿ, ಕಿವಿ ಮುಚ್ಚಿ ಒಳಗೆ ಮಲಗಿಸುತ್ತೇನೆ. ಡಿಫ್ಯೂಷನ್ ಎಂಬ ಸ್ಕ್ಯಾನಿನ ಸರದಿ ಬಂದಾಗ ಮಲಗಿದ ಮಂಚವೇ ಗಡಗಡ ನಡುಗುತ್ತದೆ. "ಎಂಥ ಶಬ್ದ ಮಾರಾಯ್ರೆ, ಮಿಷನ್ ಹಾಳಾಯ್ತು ಅಂತ ಗ್ರೇಶಿದೆ" ಎಂದರು ನಮ್ಮೂರ ಕಡೆಯ ಅಜ್ಜಿಯೊಬ್ಬರು. ಹಾಳಾದದ್ದಲ್ಲ ಅಜ್ಜಿ, ತಲೆಯೊಳಗಿನ ನೀರು ಯಾವ ದಿಕ್ಕಿಗೆ ಸರಿಯುತ್ತದೆ ಅಂತ ಅದು ನೋಡುವುದು ಎಂದೆ.

ಮಿದುಳಿನ ನರತಂತುಗಳ ದಾರಿ ತಿಳಿಯಲು ಮೊದಲು ಹೆಣವೇ ಬೇಕಿತ್ತು. ಸ್ವಿಟ್ಜರ್ಲೆಂಡಿನ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಫಾರ್ಮಲಿನ್‌ನಲ್ಲಿಟ್ಟ ಮಿದುಳನ್ನು ಹೆಪ್ಪುಗಟ್ಟಿಸಿ ಕರಗಿಸುತ್ತಿದ್ದರು. ಮಂಜಿನ ಹರಳು ತಂತುಗಳ ನಡುವೆ ಜಾಗ ಬಿಡಿಸುತ್ತಿತ್ತು. ಆಮೇಲೆ ಎಳೆ ಎಳೆಯಾಗಿ ಸುಲಿಯಬಹುದಿತ್ತು.

ಬದುಕಿರುವವರ ಮಿದುಳಿನಲ್ಲಿ ಇದಕ್ಕೆ ದಾರಿ ತೋರಿದ್ದು ನೀರು. ನರತಂತುವಿನ ಉದ್ದಕ್ಕೆ ನೀರಿನ ಕಣ ಸಲೀಸಾಗಿ ಸರಿಯುತ್ತದೆ, ಅಡ್ಡಕ್ಕೆ ಅಷ್ಟು ಸುಲಭವಿಲ್ಲ. 1980ರ ದಶಕದ ನಡುವೆ ಫ್ರಾನ್ಸಿನ ಡೆನಿಸ್ ಲ ಬಿಹಾನ್ ಈ ಚಲನೆಯನ್ನು ಚಿತ್ರಕ್ಕಿಳಿಸಿದರು. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಕನಿಷ್ಠ ಆರು ದಿಕ್ಕುಗಳ ಅಳತೆಯಿಂದ ತಂತುವಿನ ದಿಕ್ಕನ್ನು ಲೆಕ್ಕ ಹಾಕುವ ಗಣಿತ ಕೊಟ್ಟರು. ದಶಕದ ಕೊನೆಗೆ ಆ ದಿಕ್ಕುಗಳನ್ನು ಜೋಡಿಸಿ ಗೆರೆ ಎಳೆಯುವ ಟ್ರ್ಯಾಕ್ಟೋಗ್ರಫಿ ಬಂತು. ನಕ್ಷೆಯಲ್ಲಿ ಎಡ-ಬಲಕ್ಕೆ ಹೋಗುವ ತಂತುವಿಗೆ ಕೆಂಪು, ಹಿಂದೆ-ಮುಂದೆ ಹೋಗುವುದಕ್ಕೆ ಹಸಿರು, ಮೇಲೆ-ಕೆಳಗೆ ನೀಲಿ. ಆಸ್ಪತ್ರೆಯಲ್ಲಿ ಡಿಫ್ಯೂಷನ್ ದಿನಾ ಬೇಕಾಗುವುದು ಸ್ಟ್ರೋಕ್ ಬೇಗ ಹಿಡಿಯಲು. ಬಣ್ಣದ ನಕ್ಷೆ ಹೆಚ್ಚಾಗಿ ಗಡ್ಡೆಯ ಆಪರೇಷನ್ನಿಗೆ ಮುಂಚೆ.

ಆ ಬಣ್ಣ ನೋಡಿ ಮರುಳಾಗಬಾರದು. ಸ್ಕ್ಯಾನಿನ ಒಂದು ಚೌಕ ಸುಮಾರು 2 ಮಿಲಿಮೀಟರ್, ಅದರೊಳಗೆ ಲಕ್ಷಗಟ್ಟಲೆ ತಂತು. ಗುಂಡ್ಯದ ಜಂಕ್ಷನ್ನಿಗೆ ಶಿರಾಡಿ ಘಾಟಿಯಿಂದ, ಸುಬ್ರಹ್ಮಣ್ಯದಿಂದ, ನೆಲ್ಯಾಡಿ ಕಡೆಯಿಂದ ಗಾಡಿಗಳು ಬರುತ್ತವೆ. ಮೂರು ರಸ್ತೆಯಲ್ಲಿ ಎಷ್ಟೆಷ್ಟು ಓಡಾಟ ಎಂದಷ್ಟೇ ಎಣಿಸಿದವನಿಗೆ ಘಾಟಿ ಇಳಿದ ಲಾರಿ ಎಲ್ಲಿಗೆ ತಿರುಗಿತೆಂದು ಗೊತ್ತಾಗದು. ತಂತುಗಳು ಒಂದನ್ನೊಂದು ದಾಟುವ ಕಡೆ ಕಂಪ್ಯೂಟರಿನ ಪಾಡೂ ಅದೇ. 2017ರಲ್ಲಿ 20 ತಂಡಗಳು ಕಳಿಸಿದ 96 ನಕ್ಷೆಗಳನ್ನು ಉತ್ತರ ಗೊತ್ತಿದ್ದ ಕೃತಕ ಮಿದುಳಿಗೆ ಹೋಲಿಸಿದಾಗ, ಹೆಚ್ಚಿನವುಗಳಲ್ಲಿ ತಂತುಗಳ ಸರಿಯಾದ ಕಟ್ಟುಗಳಿಗಿಂತ ಇಲ್ಲದ ಕಟ್ಟುಗಳೇ ಜಾಸ್ತಿ ಇದ್ದವು.

ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸ ನನಗೆ ಹೆಮ್ಮೆಯದು. ದೇವರಾಜನ್ ಶ್ರೀಧರನ್ ಅವರ ತಂಡ, ವರ್ಷಾ ಶ್ರೀನಿವಾಸನ್ ಮೊದಲ ಲೇಖಕಿಯಾಗಿ, 2022ರಲ್ಲಿ ರಿಯಲ್-ಲೈಫ್ ಎಂಬ ವಿಧಾನ ಪ್ರಕಟಿಸಿತು. ಎಳೆದ ಗೆರೆಗಳಲ್ಲಿ ಸ್ಕ್ಯಾನಿನ ಅಳತೆಗೆ ಆಧಾರ ಕೊಡದ ಗೆರೆಗಳನ್ನು ಅದು ತೆಗೆದುಹಾಕುತ್ತದೆ. ಹಿಂದಿನ ವಿಧಾನಕ್ಕಿಂತ 150 ಪಟ್ಟಿಗೂ ಹೆಚ್ಚು ವೇಗ. ದಿನಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ನಿಮಿಷಗಳಿಗೆ ಇಳಿಯಿತು. ಗೆರೆ ಎಳೆಯುವವರು ಬಹಳ ಮಂದಿ. ಅಳಿಸುವ ಧೈರ್ಯ ಮಾಡಿದ್ದೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ಆದರೂ ನಿಜವಾದ ತಂತುವನ್ನು ಕಣ್ಣಾರೆ ನೋಡಲು ಈಗಲೂ ಮಿದುಳೇ ಬೇಕು. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳುತನದಲ್ಲಿ 1995ರಲ್ಲಿ ಶುರುವಾದ ಮಿದುಳು ಬ್ಯಾಂಕ್ ಇದೆ. ಕಣ್ಣುದಾನದ ಮಾತು ಬಂದಾಗ ಮಿದುಳಿನ ದಾನದ ಬಗ್ಗೆಯೂ ಮನೆಯವರ ಹತ್ತಿರ ಒಮ್ಮೆ ಮಾತಾಡಿ.